ಡ್ಯಾಡಿಗಾಗಿ ಸುತ್ತಿದ ಕಾಯಿಲ್

ಮೊದಲ ಕಾಯಿಲನ್ನು ಡ್ಯಾರೆನ್ ಮಮ್ಮಿಯ ಸ್ವೆಟರ್ ಕಡ್ಡಿಗೆ ಸುತ್ತಿದ, ಅದು ಬೊಂಬೆಯ ಬಳೆ ಹಾಗೆ ಆಯ್ತು. ಆಮೇಲಿನದನ್ನು ಹೊಲಿಗೆ ಸೂಜಿಗೆ ಸುತ್ತಿದ, ಅದರೊಳಗೆ ಹತ್ತಿ ಬಿಡಿ, ಗಾಳಿ ಹೋಗ್ಲಿಕ್ಕೂ ಜಾಗ ಇರ್ಲಿಲ್ಲ. ಅದರ ನಂತರದ್ದು ಸರಿ ಬಂತು ಅಂತ ಖುಷಿಯಲ್ಲಿ ಅದನ್ನು ಕೂರಿಸುವ ಸ್ಕ್ರೂ ತಿರುಗಿಸಿದ್ದೇ ತಿರುಗಿಸಿದ್ದು, ತಂತಿಯ ಕಾಲು ಟಕ್ ಅಂತ ತುಂಡಾಗಿ ಸೋಫಾದ ಅಡಿಗೆ ಹಾರಿತು.

"ಎಂತ ಪುತಾ, ಚಿನ್ನದ ಕೆಲ್ಸಕ್ಕೆ ಕೂತವರ ಹಾಗೆ ಕೂತಿದ್ದೀಯಲ್ಲ," ಅಂತ ಅಡುಗೆಮನೆ ಬಾಗಿಲಲ್ಲಿ ನಿಂತು ಅವನ ತಾಯಿ ಕ್ಲಾರಾ ಹೇಳಿದ್ರು. "ಚಿನ್ನ ಆಗಿದ್ರೆ ತುಂಡನ್ನಾದ್ರೂ ಕರಗಿಸ್ಬಹುದಿತ್ತು."

"ಮಮ್ಮಿ, ಪ್ಲೀಸ್. ಕಾನ್ಸಂಟ್ರೇಷನ್ ಹೋಗ್ತದೆ."

"ಅದು ಇತ್ತಾ?"

ಎರಡು ಸಾವಿರದ ಹದಿನಾಲ್ಕರ ಮಾತು ಇದು. ಗಲ್ಫಲ್ಲಿ, ಫಿಂಟಾಸಿನ ಅವರ ಬಿಲ್ಡಿಂಗಲ್ಲಿ ವೇಪ್ ಅಂದ್ರೆ ಎಂತ ಅಂತ ಗೊತ್ತಿದ್ದವರು ಕಮ್ಮಿ. ಡ್ಯಾರೆನ್ ತಂದದ್ದು ಒಂದು ಹಿತ್ತಾಳೆ ಕೊಳವೆ. ಒಳಗೆ ದಪ್ಪ ಬ್ಯಾಟರಿ, ಬುಡದಲ್ಲಿ ಒಂದು ಬಟನ್, ಮೇಲೆ ಈ ಕಾಯಿಲ್. ಬಟನ್ ಒತ್ತಿದ್ರೆ ಕಾಯಿಲ್ ಕಾಯ್ತದೆ, ಅದರೊಳಗಿನ ಹತ್ತಿ ಕುಡಿದಿಟ್ಟುಕೊಂಡ ನಿಕೋಟಿನ್ ಜ್ಯೂಸ್ ಹೊಗೆ ಆಗ್ತದೆ. ಅಷ್ಟೇ. ಯೂಟ್ಯೂಬಲ್ಲಿ ಒಬ್ಬ ಗಡ್ಡದವ ಮಾತಾಡ್ತಾ ಮಾತಾಡ್ತಾ ಕಣ್ಣು ಮುಚ್ಚಿ ತೆಗಿಯುದರೊಳಗೆ ಇದನ್ನು ಸುತ್ತಿ ಬಿಸಾಡ್ತಿದ್ದ. ಡ್ಯಾರೆನ್ ಅದೇ ವೀಡಿಯೋ ನಿಲ್ಸಿ ನಿಲ್ಸಿ ನೋಡಿದ. ನೋಡುವಾಗ ಎಲ್ಲ ಸುಲಭವೇ.

ಇಷ್ಟೆಲ್ಲ ಪಡಿಪಾಟಲು ಅವನಿಗಾಗಿ ಅಲ್ಲ. ಡ್ಯಾರೆನ್ ಒಂದು ಸಿಗರೇಟ್ ಸಹ ಮುಟ್ಟಿದವ ಅಲ್ಲ. ಇದು ಅವನ ಡ್ಯಾಡಿಗೆ.

ಡ್ಯಾಡಿಯ ಹೆಸರು ಪಾಯಸ್, ಮೀನಾ ಅಲ್ ಅಹ್ಮದಿ ಬಂದರಿನ ಕಡೆ ಎಣ್ಣೆ ರಿಫೈನರಿಯೊಳಗೆ ಒಂದು ಕಾಂಟ್ರಾಕ್ಟ್ ಕಂಪೆನಿಯ ಇನ್‌ಸ್ಟ್ರುಮೆಂಟ್ ಟೆಕ್ನಿಶಿಯನ್. ಟವರಿನ ಏಣಿ ಹತ್ತಿ ಮೀಟರ್ ಸರಿ ಮಾಡುವ ಕೆಲಸ. ಒಳಗೆ ಬೆಂಕಿ ಕಡ್ಡಿಯ ಹೆಸರೆತ್ತುವ ಹಾಗಿಲ್ಲ, ಹಾಗಾಗಿ ಡ್ಯೂಟಿ ಮುಗಿಸಿ ಗೇಟ್ ದಾಟಿದ ಕೂಡ್ಲೇ ದಿನದ ಬಾಕಿಯೆಲ್ಲ ಒಟ್ಟಿಗೆ ಸೇದ್ತಿದ್ರು. ಆ ಚಳಿಗಾಲದಲ್ಲಿ ಅವರ ಎಡಗಾಲಿನ ಬೆರಳುಗಳು ನೀಲಿಗಟ್ಟಿದವು. ಡಾಕ್ಟ್ರು ಕಾಲಿನ ನರಗಳ ಫೋಟೋ ತೆಗ್ದು, ರಕ್ತ ಹೋಗುವ ದಾರಿ ಮುಚ್ತಾ ಬಂದಿದೆ, ಸಿಗರೇಟ್ ಬಿಡದಿದ್ರೆ ಮೊದಲು ಬೆರಳು ತೆಗಿಬೇಕಾಗ್ತದೆ, ಆಮೇಲೆ ಪಾದ ಅಂದ್ರು. ಕ್ಲಾರಾ ಆಸ್ಪತ್ರೆಯಲ್ಲಿ ನರ್ಸ್. "ಆಮೇಲೆ" ಅಂದ್ರೆ ಎಷ್ಟು ಬೇಗ ಬರ್ತದೆ ಅಂತ ಅವರಿಗೆ ಬೇರೆ ಯಾರೂ ಹೇಳ್ಬೇಕಾಗಿರ್ಲಿಲ್ಲ.

ಪಾಯಸ್ ಬಿಡ್ಲಿಕ್ಕೆ ನೋಡಿದ್ರು. ಚ್ಯೂಯಿಂಗ್ ಗಮ್ ಜಗಿದ್ರು, ಏಲಕ್ಕಿ ಜಗಿದ್ರು, ಸಿಟ್ಟು ಬಂದಾಗ ಮಾತು ಸಹ ಜಗಿದೇ ನುಂಗಿದ್ರು. ಡ್ಯಾರೆನ್ ಒಂದು ರೆಡಿಮೇಡ್ ವೇಪ್ ಪೆನ್ ತಂದು ಕೊಟ್ಟ. ಎರಡು ಸಲ ಎಳೆದು ವಾಪಸ್ ಕೊಟ್ರು. "ಕೆಮ್ಮಿನ ಸಿರಪ್ ಕುಡಿದವನ ಬಾಯಿ ಹತ್ರ ಹೋದ ಹಾಗೆ ಉಂಟು ಮಾರಾಯ. ಗಂಟಲಿಗೆ ಗೊತ್ತೇ ಆಗುದಿಲ್ಲ."

ಗಂಟಲಿಗೆ ಗೊತ್ತಾಗ್ಬೇಕಾದ್ರೆ ಕೈಯಲ್ಲಿ ಸುತ್ತಿದ ಕಾಯಿಲೇ ಬೇಕು ಅಂತ ಹೇಳಿದ್ದು ಕೊನ್ರಾಡ್. ಚರ್ಚಿನ ಕ್ವಾಯರಲ್ಲಿ ಡ್ಯಾರೆನ್ ಗಿಟಾರ್, ಅವ ಕೀಬೋರ್ಡ್. ವಾರದ ದಿನ ಮೊಬೈಲ್ ರಿಪೇರಿ. ಕೊಳವೆ, ತಂತಿ ಎಲ್ಲ ಅವನೇ ಕೊಟ್ಟದ್ದು, ಒಟ್ಟಿಗೆ ಒಂದು ಮಾತು ಸಹ ಕೊಟ್ಟಿದ್ದ. "ಜೇಬಲ್ಲಿ ಇಡುವಾಗ ಬುಡದ ರಿಂಗ್ ತಿರುಗಿಸಿ ಲಾಕ್ ಮಾಡ್ಬೇಕು, ಆಯ್ತಾ. ಇದಕ್ಕೆ ತಲೆ ಇಲ್ಲ. ಒತ್ತಿದ್ರೆ ಉರಿತದೆ, ಯಾರು ಒತ್ತಿದ್ದು ಅಂತ ಕೇಳುದಿಲ್ಲ."

ಡ್ಯಾರೆನ್ ತಲೆ ಆಡಿಸಿದ. ಅವನ ಕಣ್ಣು ತಂತಿಯ ಮೇಲಿತ್ತು.

ತಂತಿ ಬೇಗ ಖಾಲಿ ಆಯ್ತು. ಶುಕ್ರವಾರ ಕೊನ್ರಾಡ್ ಫೋನ್ ಎತ್ತಲಿಲ್ಲ. ಡ್ಯಾರೆನಿಗೆ ಕಾಯುವ ಜಾತಕ ಇಲ್ಲ. ಗಿಟಾರಿನ ತುಂಡಾದ ತಂತಿ ಇತ್ತಲ್ಲ, ಸ್ಟೀಲ್ ಸ್ಟೀಲೇ ಅಂತ ಅದನ್ನೇ ಸುತ್ತಿ, ಹತ್ತಿ ತುರುಕಿ, ಬಾಲ್ಕನಿಯಲ್ಲಿ ಕೂತ ಡ್ಯಾಡಿಯ ಕೈಗೆ ಕೊಟ್ಟ. ಪಾಯಸ್ ಎಳೆದ್ರು. ಸ್ವಲ್ಪ ಹೊತ್ತು ಸಮುದ್ರದ ಕಡೆ ನೋಡಿದ್ರು.

"ಹೇಗುಂಟು ಡ್ಯಾಡಿ?"

"ಬಾಗಿಲಿನ ಚಿಲಕ ನೆಕ್ಕಿದ ಹಾಗೆ."

ಇನ್ನೊಂದು ಸಲ ಮಮ್ಮಿಯ ಡ್ರೆಸ್ಸಿಂಗ್ ಪೆಟ್ಟಿಗೆಯ ಹತ್ತಿಯನ್ನು ಹಾಗೆಯೇ ಹಾಕಿದ. ಕುದಿಸಿ ಒಣಗಿಸ್ಬೇಕಿತ್ತು ಅಂತ ಗೊತ್ತಿಲ್ಲ. ಡ್ಯಾಡಿ ಬಾಯಿಯಲ್ಲಿ ಇಡೀ ಸಂಜೆ ಆಸ್ಪತ್ರೆ ವಾರ್ಡಿನ ರುಚಿ. ಮತ್ತೊಂದು ಸಲ ಜ್ಯೂಸ್ ಮುಗಿದಾಗ, ಕ್ರಿಸ್ಮಸ್ ಕುಸ್ವಾರಿನ ತಿಂಡಿಗೆ ಅಂತ ಮಮ್ಮಿ ಎತ್ತಿಟ್ಟಿದ್ದ ವೆನಿಲ್ಲಾ ಎಸೆನ್ಸನ್ನು ಫಾರ್ಮಸಿಯ ಗ್ಲಿಸರಿನಿಗೆ ಬೆರೆಸಿದ. ಕಾಯಿಲ್ ಮೇಲೆ ಕಪ್ಪು ಪಾಕ ಕಟ್ಟಿ, ಮನೆಯಿಡೀ ಸೀದ ಕೇಕಿನ ವಾಸನೆ. ಪಾಯಸಿಗೆ ಕೆಮ್ಮು ಹತ್ತಿ ಕಣ್ಣಲ್ಲಿ ನೀರು ಬಂತು.

"ನನ್ನ ಗಂಡನನ್ನು ಬೇಕ್ ಮಾಡ್ತಿದ್ದಿಯಾ?" ಅಂದ್ರು ಕ್ಲಾರಾ.

ಆ ನಗೆ ಉಳಿಯಲಿಲ್ಲ, ಯಾಕಂದ್ರೆ ಆ ಸಂಜೆ ಪಾಯಸ್ ಕೆಮ್ಮು ನಿಂತ ಮೇಲೆ ಚಪ್ಪಲಿ ಹಾಕಿ ಕೆಳಗೆ ಇಳಿದು ಹೋಗಿ, ಅಂಗಡಿಯಲ್ಲಿ ಸಿಗರೇಟ್ ತಗೊಂಡು ಅಲ್ಲೇ ನಿಂತು ಸೇದಿದ್ರು. ಡ್ಯಾರೆನ್ ಬಾಲ್ಕನಿಯಿಂದ ನೋಡಿದ. ಅವನಿಗೆ ತನ್ನ ಎರಡೂ ಕೈ ಕಡಿದು ಬಿಸಾಡುವ ಅನ್ನಿಸ್ತು. ಒಂದು ತಂತಿ ಸುತ್ತಲಿಕ್ಕೆ ಬರುದಿಲ್ಲ. ಇಷ್ಟೇ ಇಷ್ಟು ತಂತಿ. ಅದರ ಮೇಲೆ ಡ್ಯಾಡಿಯ ಕಾಲು ನಿಂತಿದೆ.

ಹಾಗಂತ ಬಿಡಲಿಲ್ಲ. ಆಫೀಸಲ್ಲಿ ಪೇಪರ್ ಕ್ಲಿಪ್ ಸುತ್ತಿ ಪ್ರಾಕ್ಟೀಸ್ ಮಾಡಿದ, ಮ್ಯಾನೇಜರ್ ನೋಡಿ "ಯಲ್ಲಾ ಡ್ಯಾರೆನ್, ವರ್ಕ್" ಅಂದ ಮೇಲೆ ಮೇಜಿನ ಅಡಿ ಸುತ್ತಿದ. ಹತ್ತಿ ಜಾಸ್ತಿ ತುರುಕಿದ್ರೆ ಜ್ಯೂಸ್ ಏರುದಿಲ್ಲ, ಕಮ್ಮಿ ಹಾಕಿದ್ರೆ ಬಾಯಿಗೆ ಚಿಮ್ಮುತ್ತದೆ. ಕಾಯಿಲ್ ಒಂದೇ ಕಡೆ ಕೆಂಪಾದ್ರೆ ಚಿಮಟದಲ್ಲಿ ಮೆಲ್ಲ ಒತ್ತಬೇಕು, ಸಿಟ್ಟಿನಲ್ಲಿ ಒತ್ತಿದ್ರೆ ಚಪ್ಪಟೆ. ಬೆರಳ ತುದಿಯೆಲ್ಲ ಬೊಕ್ಕೆ ಎದ್ದು, ಭಾನುವಾರದ ಕ್ವಾಯರಲ್ಲಿ ಗಿಟಾರ್ ತಂತಿ ಒತ್ತುವಾಗ ಜೀವ ಬಾಯಿಗೆ ಬಂದ ಹಾಗಾಗ್ತಿತ್ತು.

ಕೊನೆಗೆ ಒಂದು ಕಾಯಿಲ್ ಬಂತು. ಸ್ಪ್ರಿಂಗಿನ ಹಾಗೆ ಒತ್ತೊತ್ತಾಗಿ, ಬಟನ್ ಒತ್ತಿದ್ರೆ ನಡುವಿನಿಂದ ಶುರುವಾಗಿ ಎರಡೂ ಬದಿಗೆ ಸಮ ಕೆಂಪು. ಪಾಯಸ್ ಎಳೆದ್ರು, ಹೊಗೆ ಬಿಟ್ರು, ಇನ್ನೊಮ್ಮೆ ಎಳೆದ್ರು.

"ಈಗ ಗಂಟಲಿಗೆ ಗೊತ್ತಾಯ್ತು," ಅಂದ್ರು.

ಆ ದಿನದಿಂದ ಮನೆಗೆ ಸಿಗರೇಟ್ ಬರಲಿಲ್ಲ. ದಿನಾ ಸಂಜೆ ಕ್ಲಾರಾ ಗಂಡನ ಪಾದ ಮಡಿಲಲ್ಲಿ ಇಟ್ಟುಕೊಂಡು ಬೆರಳು ಮುಟ್ಟಿ ನೋಡ್ತಿದ್ರು. ಒಂದು ದಿನ, "ಇಕ್ಕೊ, ಬೆಚ್ಚಗೆ ಉಂಟು," ಅಂದ್ರು. ಮಗನ ಮುಖ ನೋಡಿ, "ಚಿನ್ನದ ಕೆಲ್ಸವೇ, ಒಪ್ಪಿದೆ," ಅಂದ್ರು. ಡ್ಯಾರೆನ್ ಆ ರಾತ್ರಿ ಗೂಡಂಗಡಿಯ ಪರೋಟ ತಂದು ಎಲ್ಲರಿಗೂ ಬಡಿಸಿದ.

ಕಷ್ಟ ಇದ್ದದ್ದು ಬೆಳಿಗ್ಗಿನ ಹೊತ್ತಿಗೆ. ಕಂಪೆನಿ ಬಸ್ ಕಾಯುವಲ್ಲಿ ಎಲ್ಲರೂ ಸೇದ್ತಾರೆ. "ಆ ಹೊಗೆ ಮೂಗಿಗೆ ಬಂದ್ರೆ ನನ್ನ ಕಾಲು ನನ್ನ ಮಾತು ಕೇಳುದಿಲ್ಲ," ಅಂತ ಪಾಯಸ್ ಹೇಳಿದ್ರು. ಆಗ ಡ್ಯಾರೆನೇ ಅಂದದ್ದು, ಅದನ್ನು ತಗೊಂಡು ಹೋಗಿ, ಬಸ್ ಹತ್ತುವವರೆಗೆ ಸೇದಿ, ಗೇಟಲ್ಲಿ ಕೊಟ್ಟು ಒಳಗೆ ಹೋಗಿ ಅಂತ. ಆದ್ರೆ ಬುಡದ ಲಾಕ್ ರಿಂಗ್ ಡ್ಯಾಡಿಯ ದಪ್ಪ ಬೆರಳಿಗೆ ತಿರುಗ್ತಿರಲಿಲ್ಲ. ಡ್ಯಾರೆನ್ ಅದನ್ನು ಬಿಚ್ಚಿ, ಒಳಗಿನ ಸ್ಕ್ರೂ ಮರೆಗಳನ್ನು ಉಗುರು ಉಜ್ಜುವ ಅರದಲ್ಲಿ ಸ್ವಲ್ಪ ಸವೆಸಿ, ವ್ಯಾಸಲೀನ್ ಹಚ್ಚಿ ಕೊಟ್ಟ. ಬೆಣ್ಣೆಯ ಹಾಗೆ ತಿರುಗಿತು. ತಾನು ಈಗ ಎಲ್ಲ ಕಲಿತವ ಅಂತ ಅವನಿಗೆ ಇತ್ತು.

ಗೇಟಲ್ಲಿ ಒಂದು ತಗಡಿನ ಡಬ್ಬ. ಒಳಗೆ ಹೋಗುವವರು ನಡೀತಾ ನಡೀತಾ ಲೈಟರನ್ನು ಅದಕ್ಕೆ ಹಾಕ್ತಾರೆ, ಬರುವಾಗ ತೆಗಿತಾರೆ. ಪಾಯಸಿನ ಕೈಗೆ ಇದು ಚರ್ಚಲ್ಲಿ ಶಿಲುಬೆ ಗುರುತು ಹಾಕಿದಷ್ಟೇ ಅಭ್ಯಾಸ. ಜೇಬಿಗೆ ಕೈ ಹೋಗ್ತದೆ, ಬೆರಳಿಗೆ ಲೈಟರ್ ಸಿಗ್ತದೆ, ಡಬ್ಬದಲ್ಲಿ ಠಣ್ ಅಂತದೆ. ತಲೆಗೆ ಸುದ್ದಿ ಹೋಗುದೇ ಇಲ್ಲ. ಮೊದಲೆರಡು ದಿನ ಪಾಯಸ್ ನೆನಪಿಟ್ಟು ಕೊಳವೆಯನ್ನು ಸೆಕ್ಯೂರಿಟಿಯ ಕೈಗೇ ಕೊಟ್ರು. ಆ ಮಂಗಳವಾರ ಬಸ್ಸಲ್ಲಿ ಯಾರೋ ಊರಿನ ಮದುವೆ ಸುದ್ದಿ ತೆಗೆದಿದ್ರು, ಮಾತಾಡ್ತಾ ಇಳಿದ್ರು. ಕೈ ತನ್ನಷ್ಟಕ್ಕೆ ಲೈಟರಿನ ಜೇಬಿಗೆ ಹೋಯ್ತು. ಸಿಗರೇಟ್ ಬಿಟ್ಟ ಮೇಲೆ ಲೈಟರ್ ಇಲ್ಲ, ಜೇಬು ಖಾಲಿ. ಖಾಲಿ ಅಂದ್ರೆ ಕೊಡ್ಲಿಕ್ಕೆ ಎಂತದೂ ಇಲ್ಲ ಅಂತ ಕೈಗೆ ಅನ್ನಿಸ್ತು, ಕಾಲು ಮುಂದೆ ನಡೀತು. ಕೊಳವೆ ಇದ್ದದ್ದು ತೊಡೆಯ ಜೇಬಲ್ಲಿ.

ಡ್ಯಾರೆನಿಗೆ ಮಮ್ಮಿಯ ಫೋನ್ ಬಂದದ್ದು ಆಫೀಸಲ್ಲಿ ಮಧ್ಯಾಹ್ನದ ಟಿಫಿನ್ ಬಿಚ್ಚುವಾಗ. "ಡ್ಯಾಡಿಯನ್ನು ಮನೆಗೆ ಕಳಿಸಿದ್ದಾರೆ. ಬಾ." ಬಸ್ಸಿನಲ್ಲಿ ಫಿಂಟಾಸ್ ಬರುವವರೆಗೆ ಅವ ಡ್ಯಾಡಿಯ ಕಾಲಿನ ಬಗ್ಗೆಯೇ ಯೋಚನೆ ಮಾಡಿದ, ಏಣಿಯಿಂದ ಜಾರಿದ್ರಾ, ಬೆರಳು ಹೋಯ್ತಾ ಅಂತ.

ಪಾಯಸ್ ಲುಂಗಿ ಉಟ್ಟು ಸೋಫಾದಲ್ಲಿ ಕೂತಿದ್ರು. ತೊಡೆಯಲ್ಲಿ ಅಂಗೈಯಗಲ ಸುಟ್ಟ ಗಾಯ. ಕ್ಲಾರಾ ಮುಲಾಮು ಹಚ್ತಾ ಇದ್ರು, ವಾರ್ಡಲ್ಲಿ ಬೇರೆ ಯಾರಿಗೋ ಹಚ್ಚುವ ಹಾಗೆ.

"ಟವರ್ ಮೇಲೆ ಇದ್ದೆ," ಅಂತ ಪಾಯಸ್ ಹೇಳಿದ್ರು. "ಬಗ್ಗಿ ಬೋಲ್ಟ್ ಬಿಗಿ ಮಾಡ್ತಾ ಇದ್ದೆ. ಸೀದ ಹತ್ತಿಯ ವಾಸನೆ ಬಂತು. ಎಲ್ಲಿಂದ ಅಂತ ನೋಡುದರೊಳಗೆ ತೊಡೆ ಉರೀತು. ಲಾಕ್ ಬಿಚ್ಚಿಕೊಂಡಿತ್ತು."

"ಬಿಸಾಡ್ಲಿಲ್ವಾ?"

"ಅಲ್ಲಿಂದ ಬಿಸಾಡುದಾ? ಕೆಳಗೆ ಎಂತೆಲ್ಲ ಪೈಪ್ ಉಂಟು ಗೊತ್ತುಂಟಾ ನಿನಗೆ?" ಪಾಯಸ್ ಮೊದಲ ಸಲ ಅವನ ಮುಖ ನೋಡಿದ್ರು. "ಗ್ಲೌಸಲ್ಲಿ ಹಿಡಿದು, ಬಟನಿನಿಂದ ಬೆರಳು ದೂರ ಇಟ್ಟು, ಏಣಿ ಇಳಿದೆ. ಸೀದಾ ಸೇಫ್ಟಿಯವನ ಹತ್ರ ಹೋಗಿ ಕೊಟ್ಟೆ. ನನ್ನ ಜೇಬಲ್ಲಿತ್ತು ಅಂದೆ."

"ನೀವೇ ಹೇಳಿದ್ದಾ?"

"ಮತ್ತೆ? ಗ್ಯಾಸ್ ಲೀಕ್ ಇದ್ದಿದ್ರೆ ಹೇಳ್ಲಿಕ್ಕೆ ನಾನು ಇರ್ತಿದ್ನಾ? ಆ ಯೂನಿಟಲ್ಲಿ ಎಷ್ಟು ಜನ ಇದ್ರು."

ಗೇಟ್ ಪಾಸ್ ಅಲ್ಲೇ ತೆಗೆದುಕೊಂಡಿದ್ರು. ಬೆಂಕಿ ಹುಟ್ಟುವ ಸಾಮಾನು ಒಳಗೆ ತಂದವನಿಗೆ ಪಾಸ್ ಮತ್ತೆ ಸಿಗುದಿಲ್ಲ, ಯಾವ ಕಂಪೆನಿಯಿಂದ ಹೋದ್ರೂ ಸಿಗುದಿಲ್ಲ. ಪಾಸ್ ಇಲ್ಲದ ಟೆಕ್ನಿಶಿಯನ್ ಕಂಪೆನಿಗೆ ಎಂತಕ್ಕೆ? ಖಲಾಸ್. ಇಕಾಮಾ, ಅಲ್ಲಿ ಇರ್ಲಿಕ್ಕೆ ಕೊಟ್ಟ ಪರವಾನಿಗೆ, ಕ್ಯಾನ್ಸಲ್, ಊರಿಗೆ ಟಿಕೆಟ್. ಯಾರೂ ಬೈಯಲಿಲ್ಲ ಅಂತೆ. ಸೇಫ್ಟಿಯವ ನೀರು ಕೊಟ್ಟನಂತೆ, "ಪಾಯಸ್ ಭಾಯಿ, ತುಮ್?" ಅಂತ ಒಂದೇ ಕೇಳಿದನಂತೆ.

"ಎಲ್ಲಿಂದ ಬಂತು ಇದು ಅಂತ ಕೇಳಿದ್ರು. ನಾನೇ ತಗೊಂಡದ್ದು ಅಂದೆ," ಅಂದ್ರು ಪಾಯಸ್. "ನಿನ್ನ ಹೆಸರು ಬರುದು ಬೇಡ."

"ಡ್ಯಾಡಿ, ಆ ರಿಂಗನ್ನು ನಾನು ಅರದಲ್ಲಿ..."

"ಗೊತ್ತುಂಟು. ನಾನು ಇನ್‌ಸ್ಟ್ರುಮೆಂಟಿನವ. ಮರೆ ಸವೆದದ್ದು ಬೆರಳಿಗೆ ಗೊತ್ತಾಗ್ತದೆ. ಗೊತ್ತಾಗಿಯೂ ಜೇಬಿಗೆ ಹಾಕಿದೆ. ನೀನು ಅಷ್ಟು ಖುಷಿಯಲ್ಲಿದ್ದಿ," ಅಂದ್ರು.

ಬೈದಿದ್ರೆ ಆಗ್ತಿತ್ತು. ಒಂದು ಪೆಟ್ಟು ಕೊಟ್ಟಿದ್ರೆ ಇನ್ನೂ ಒಳ್ಳೆದಿತ್ತು. ಡ್ಯಾರೆನ್ ಕೋಣೆಗೆ ಹೋಗಿ ಕೊನ್ರಾಡಿಗೆ ಫೋನ್ ಮಾಡಿದ, ಪಾಸ್ ವಾಪಸ್ ತೆಗೆಸುವವರು ಯಾರಾದ್ರೂ ಗೊತ್ತುಂಟಾ ಅಂತ. ಕೊನ್ರಾಡ್ ಎಲ್ಲ ಕೇಳಿದ.

"ಲಾಕಿಗೆ ವ್ಯಾಸಲೀನ್ ಯಾರು ಹಚ್ತಾರೆ ಮಾರಾಯ," ಅಂದ ಕೊನೆಗೆ. ಬೈಗುಳದ ಹಾಗೆ ಅಲ್ಲ, ನಿಜವಾಗಿಯೂ ಗೊತ್ತಾಗದವನ ಹಾಗೆ.

ಬುಧವಾರ, ಗುರುವಾರ ಪಾಯಸ್ ಬೆಳಿಗ್ಗೆ ಅದೇ ಹೊತ್ತಿಗೆ ಎದ್ದು, ಶೇವ್ ಮಾಡಿ, ಶರ್ಟ್ ಹಾಕಿ ಸೋಫಾದಲ್ಲಿ ಕೂತ್ರು. ಟಿವಿ ಹಾಕಲಿಲ್ಲ. ಊಟಕ್ಕೆ ಕರೆದ್ರೆ ಬಂದ್ರು, ಅನ್ನ ಕಲಸಿ ಹಾಗೇ ಬಿಟ್ರು. ಕ್ಲಾರಾಗೆ ತನ್ನ ಕೆಲಸ ಉಂಟು, ಡ್ಯಾರೆನಿಗೆ ತನ್ನದು, ಹೋಗ್ಬೇಕಾದವರು ಪಾಯಸ್ ಒಬ್ಬರೇ. ಗುರುವಾರ ಮಧ್ಯಾಹ್ನ ಕಂಪೆನಿಯಿಂದ ಫೋನ್ ಬಂತು, ಬರುವ ವಾರದ ಟಿಕೆಟ್ ಆಗಿದೆ ಅಂತ. ಪಾಯಸ್ "ಶುಕ್ರನ್" ಅಂತ ಥ್ಯಾಂಕ್ಸ್ ಹೇಳಿ ಫೋನ್ ಇಟ್ಟು, ಎರಡೂ ಅಂಗೈಯನ್ನು ಮೊಣಕಾಲ ಮೇಲೆ ಇಟ್ಟು ಕೂತ್ರು.

ಡ್ಯಾರೆನ್ ಆಫೀಸಿಂದ ಬಂದಾಗಲೂ ಅವರು ಹಾಗೆಯೇ ಕೂತಿದ್ರು. ಕ್ಲಾರಾ ಡ್ಯೂಟಿಯಿಂದ ಬಂದದ್ದು ಅವನ ಹಿಂದೆಯೇ. ಯೂನಿಫಾರ್ಮ್ ಬಿಚ್ಚಲಿಲ್ಲ, ಬ್ಯಾಗ್ ಇಡಲಿಲ್ಲ, ಗಂಡನನ್ನು ನೋಡಿದ್ರು. ವಾಪಸ್ ಬಾಗಿಲು ತೆಗೆದು ಕೆಳಗೆ ಹೋದ್ರು. ಬರುವಾಗ ಕೈಯಲ್ಲಿ ಸಿಗರೇಟ್ ಪ್ಯಾಕೆಟ್ ಇತ್ತು. ಅದನ್ನು ಟೀಪಾಯಿ ಮೇಲೆ ಇಟ್ರು.

"ಮಮ್ಮಿ, ಬೇಡ," ಅಂದ ಡ್ಯಾರೆನ್.

"ನಿನಗೆ ಬೇರೆ ಎಂತಾದ್ರೂ ಗೊತ್ತುಂಟಾ?" ಕ್ಲಾರಾ ಕೇಳಿದ್ರು. ಉತ್ತರಕ್ಕೆ ನಿಜವಾಗಿಯೂ ಕಾದ್ರು. "ಒಂದು ಸೇದಿ," ಅಂತ ಗಂಡನಿಗೆ ಹೇಳಿದ್ರು. "ಸೇದಿ ಎರಡು ತುತ್ತು ತಿನ್ನಿ."

ಪಾಯಸ್ ಪ್ಯಾಕೆಟ್ ಬಿಡಿಸಿ, ಒಂದನ್ನು ತುಟಿಗೆ ಇಟ್ಟು, ಎದ್ದು ಕುಂಟ್ತಾ ಅಡುಗೆಮನೆಗೆ ಹೋದ್ರು. ಗ್ಯಾಸ್ ತಿರುಗಿಸಿ ಒಲೆ ಹಚ್ಚುವ ಗನ್ ಲೈಟರ್ ಹಿಡಿದ್ರು. ಕೈ ನಡುಗಿ ಕಿಡಿ ಬರ್ನರಿಗೆ ತಾಗುದೇ ಇಲ್ಲ. ಟಕ್, ಟಕ್, ಟಕ್. ಸುಮ್ಮನೆ ಗ್ಯಾಸ್ ಹೋಗ್ತಾ ಇತ್ತು.

ಡ್ಯಾರೆನ್ ಹೋಗಿ ನಾಬ್ ಬಂದ್ ಮಾಡಿದ. ಕಿಟಕಿ ತೆರೆದ. ಡ್ಯಾಡಿ ಹಾಗೆಯೇ ನಿಂತಿದ್ರು, ತುಟಿಯಲ್ಲಿ ಸಿಗರೇಟ್, ಕಣ್ಣು ಒಲೆಯ ಮೇಲೆ. ಡ್ಯಾರೆನ್ ಅವರ ಕೈಯಿಂದ ಲೈಟರ್ ತಗೊಂಡು, ನಾಬ್ ಮತ್ತೆ ತಿರುಗಿಸಿ, ಒಂದೇ ಸಲಕ್ಕೆ ಒಲೆ ಹಚ್ಚಿದ. ಜ್ವಾಲೆ ಸಣ್ಣ ಮಾಡಿದ, ಮೀಸೆಗೆ ತಾಗದ ಹಾಗೆ. ಪಾಯಸ್ ಒಲೆಯ ಅಂಚು ಹಿಡಿದುಕೊಂಡು ಮುಖ ಬಗ್ಗಿಸಿದ್ರು.