ಬಟ್ಟೆಯ ಹಿಂದಿನ ಪಂಕ್ತಿ

ತಾತಂಗೆ ಅರಳುಮರಳು, ಕತೆ ಕಟ್ತದೆ ಅಂತ ವಾಟ್ಸಾಪ್ ಗ್ರೂಪಲ್ಲಿ ಬರೆದೋನು ಯಾರು? ಗಂಗಣ್ಣನ ಮಗ ತಾನೆ? ಕೇಳು ಮಗ. ಬೆಳಿಗ್ಗೆ ಕನ್ನಡಕ ಎಲ್ಲಿಟ್ಟೆ ಅಂತ ನಂಗೆ ಗೊತ್ತಿಲ್ಲ, ಒಪ್ಪಿದೆ. ಆದ್ರೆ ಜರ್ಮನಿ ಯುದ್ಧದ ಕಾಲದಲ್ಲಿ ಶಿರಂಗಾಲದ ಕಣಕ್ಕೆ ಸರ್ಕಾರದ ಸಿನಿಮಾ ವ್ಯಾನು ಬಂದಿದ್ದು ನಿಜ. ಆಗ ನಾನು ಅವ್ವನ ಮಡಿಲ ಕೂಸು, ಅದೂ ನಿಜ. ನೋಡಿದ್ದು ಅವ್ವ. ಸಾಯೋ ತನಕ ಹೇಳಿದಳು, ಒಂದು ಸಲಾನೂ ಒಂದು ಮಾತು ಆಚೀಚೆ ಆಗಲಿಲ್ಲ. ನಿಮ್ಮ ಫೋನು ನಿನ್ನೆದೇ ಅಳಿಸಿ ಹಾಕ್ತದೆ. ಸುಮ್ನೆ ಕೇಳಿ.

ಸುಗ್ಗಿ ಮುಗಿದು ಕಣ ಖಾಲಿ ಇತ್ತು. ಮಡಿಕೇರಿಯಿಂದ ವ್ಯಾನು ಬಂತು, ಎರಡು ಬಿದಿರು ನೆಟ್ಟು ಬಿಳಿ ಬಟ್ಟೆ ಕಟ್ಟಿದ್ರು. ಟೋಪಿ ಹಾಕಿದ ಆಫೀಸರು ಸಾರಿದ. ದೀಪ ಹಚ್ಚೋ ಹೊತ್ತಿಗೆ ಹೆಂಗಸರ ಪಿಕ್ಚರು, ಮಗೂಗೆ ನೀರು ಹಾಕೋದು ಹೆಂಗೆ ಅಂತ. ಅದು ಮುಗಿದ್ರೆ ಹೆಂಗಸರು ಮನೆಗೆ. ಆಮೇಲೆ ಗಂಡಸರ ಪಿಕ್ಚರು, ಯುದ್ಧದ್ದು. ಅದನ್ನ ನೋಡಿ ಹುಡುಗರು ಮಿಲಿಟರಿ ಸೇರಬೇಕು, ಅದಕ್ಕೆ.

ನಮ್ಮ ದೊಡ್ಡವ್ವ ಕಾಂತಮ್ಮನ ಮಗ ಪರಮೇಶ ಮಿಲಿಟರಿಗೆ ಹೋಗಿ ಎರಡು ವರ್ಷ. ಗೌರಿ ಹಬ್ಬದಿಂದ ಈಚೆ ಕಾಗದ ಇಲ್ಲ. ಬದುಕವ್ನೋ ಇಲ್ವೋ, ಹೇಳೋರಿಲ್ಲ. ಯುದ್ಧದ ಪಿಕ್ಚರು ಅಂತ ಕಿವಿಗೆ ಬಿದ್ದಿದ್ದೇ, ಮಧ್ಯಾಹ್ನಕ್ಕೇ ಬಂದು ಕಣದಲ್ಲಿ ಕುಂತಳು.

ಮೊದಲು ಮಗೂದು ಬಂತು. ಒಬ್ಬಳು ದೊರೆಸಾನಿ ತೊಟ್ಟೀಲಿ ಮಗೂನ ಮುಳುಗಿಸಿ ಎತ್ತೋದು. ಮುಂದೆ ಕುಂತೋರೋ, ಆರೆಂಟು ಹೆತ್ತ ಮುದುಕೀರು.

"ಕಾಲು ನೀಡ್ಕಂಡು ಮೊಣಕಾಲ ಮೇಲೆ ಹಾಕ್ಕೊಳ್ಳಾಕೆ ಆಗಲ್ವಂತಾ ಅವಳಿಗೆ? ಎಣ್ಣೆನೂ ಇಲ್ಲ," ಅಂದ್ಲು ಪಕ್ಕದ ಮನೆ ದೊಡ್ಡಿ.

"ಸೊಪ್ಪು ತೊಳೆದಂಗೆ ತೊಳೀತಾಳೆ," ಅಂದ್ಲು ನಮ್ಮವ್ವ ಶಕುಂತಲಮ್ಮ.

ಅದು ಮುಗೀತಿದ್ದಂಗೇ ಪಟೇಲ ಶಿವಶಂಕರಪ್ಪ ಎದ್ದ. "ಏಳ್ರವ್ವ, ನಿಮ್ದು ಆಯ್ತು."

"ಯುದ್ಧದ್ದೂ ನೋಡ್ತೀನಿ ಕಣಪ್ಪ," ಅಂದ್ಲು ಕಾಂತಮ್ಮ.

"ಅದು ಹೆಂಗಸರಿಗಲ್ಲ. ಹೆದರ್ಕೋತೀಯ."

"ಮಗನ್ನ ಕಳಿಸುವಾಗ ಹೆದರಬ್ಯಾಡ ಅಂದೋನು ನೀನೇ."

ಪಟೇಲ ಆಫೀಸರ ಕಡೆ ತಿರುಗಿದ. ಆಫೀಸರು ಸರ್ಕಾರದ ಆರ್ಡರು ಅಂದ. ಕಾಂತಮ್ಮ ಎದ್ದಳು. ಮನೆ ಕಡೆ ಮಾತ್ರ ಹೋಗಲಿಲ್ಲ. ಬಟ್ಟೆಯ ಹಿಂದುಗಡೆ ಹೋಗಿ ಹುಲ್ಲಿನ ಮೇಲೆ ಕುಂತಳು. ತೆಳು ಬಟ್ಟೆ, ಆ ಕಡೆಯಿಂದ್ಲೂ ಕಾಣೋದು. ಅವ್ವ ನನ್ನ ಎತ್ಕೊಂಡು ಅವಳ ಪಕ್ಕ ಹೋದಳು. ದೊಡ್ಡಿನೂ ಬಂದಳು.

ಲಾರಿ, ಧೂಳು, ಫಿರಂಗಿ ಎಲ್ಲ ಹೋಯ್ತು. ಆಮೇಲೆ ನಮ್ಮ ಕಡೆ ಸಿಪಾಯಿಗಳು ಸಾಲಾಗಿ ಕುಂತು ಉಣ್ಣೋದು ಬಂತು.

"ನೋಡ್ರೇ, ನಮ್ಮ ಹುಡುಗ್ರಿಗೆಲ್ಲ ಎಡಗೈಲಿ ಉಣ್ಣೋದು ಕಲಿಸವ್ರೆ," ಅಂದ್ಲು ದೊಡ್ಡಿ.

"ಮೂರನೇಯೋನು ಒಬ್ಬ ಬಲಗೈಲಿ ಉಣ್ತಾವ್ನೆ, ಪಾಪ," ಅಂದ್ಲು ಅವ್ವ.

ಕಾಂತಮ್ಮ ಅವ್ವನ ರಟ್ಟೆ ಹಿಡಿದಳು. "ಶಕುಂತಲಾ, ಅಷ್ಟು ಜನಾನೂ ಎಡಚರು ಇರ್ತಾರೇನೆ? ನಾವು ಬಟ್ಟೆ ಹಿಂದೆ ಕುಂತಿದೀವಿ. ನಮಗೆ ಎಡ ಕಂಡಿದ್ದು ಆ ಕಡೆಯೋರಿಗೆ ಬಲ. ಎಡಚ ಅಂದ್ರೆ ಆ ಮೂರನೇಯೋನು ಒಬ್ಬನೇ."

ಪರಮೇಶ ಎಡಚ. ಚಿಕ್ಕಂದಿನಲ್ಲಿ ಎಡಗೈಲಿ ತುತ್ತು ಎತ್ತಿದಾಗೆಲ್ಲ ಹಿಂದಿನಿಂದ ಬಂದು ಸೌಟಲ್ಲಿ ಕೊಟ್ಟೋಳು ಈ ಕಾಂತಮ್ಮನೇ. ಕೈ ಬದಲಾಗಲಿಲ್ಲ.

ಕಾಂತಮ್ಮ ಬಿದಿರು ಬಳಸ್ಕೊಂಡು ಬಟ್ಟೆ ಮುಂದಕ್ಕೆ ಹೋದಳು. ಬೆಳಕಿಗೆ ಅಡ್ಡ ನಿಂತಳು. ಯುದ್ಧ ಎಲ್ಲ ಅವಳ ನೆರಳಲ್ಲಿ ಮುಚ್ಚಿಹೋಯ್ತು.

"ಆ ಉಣ್ಣೋದನ್ನ ಇನ್ನೊಂದು ಸಲ ಬುಡಿ. ಅಲ್ಲೀಗಂಟ ನಾನು ಕದಲಾಕಿಲ್ಲ."

ಆಫೀಸರು ಪೊಲೀಸು ಅಂದ. ಕರೆಸು ಅಂದಳು. ಮೆಷಿನ್ ಓಡಿಸ್ತಿದ್ದೋನು ತಿತಿಮತಿ ಕಡೆಯ ಕುಟ್ಟಪ್ಪ. ಅವನು ಆಫೀಸರ ಮುಖಾನೇ ನೋಡಲಿಲ್ಲ. "ಅಮ್ಮ, ನೀವು ಸ್ವಲ್ಪ ಕೂತ್ಕೊಳ್ಳಿ. ರೀಲು ಹಿಂದಕ್ಕೆ ಸುತ್ತಬೇಕು," ಅಂದ.

ಗಂಡಸರು ಜರುಗಿದ್ರು. ಅವಳು ಮುಂದಿನ ಸಾಲಲ್ಲಿ ಕುಂತಳು. ಪಿಕ್ಚರು ಮತ್ತೆ ಬಂತು. ಈ ಸಲ ಎಲ್ಲರೂ ಬಲಗೈ, ಮೂರನೇಯೋನು ಎಡಗೈ. ತಲೆ ತಗ್ಗಿಸಿದ್ದ, ಮುಖ ಟೋಪಿ ನೆರಳಲ್ಲಿ. ತುತ್ತು ಎತ್ತಿದೋನು, ಬಾಯಿಗೆ ಇಡೋ ಮೊದಲು ಕತ್ತು ತಿರುಗಿಸಿ ಒಂದು ಸಲ ಬೆನ್ನ ಹಿಂದೆ ನೋಡ್ಕೊಂಡ.

ಕಾಂತಮ್ಮ ಕುಟ್ಟಪ್ಪನ ಕಡೆ ತಿರುಗಿದಳು.

"ಇದು ಯಾವಾಗ ತೆಗೆದಿದ್ದಪ್ಪ?"

ಕುಟ್ಟಪ್ಪ ಡಬ್ಬದ ಮುಚ್ಚಳ ಬೆಳಕಿಗೆ ಹಿಡಿದ. "ಜನವರಿ ಅಂತ ಉಂಟಮ್ಮ. ಹುತ್ತರಿ ಹಬ್ಬ ಕಳೆದ ಮೇಲೆ."

"ಗೌರಿ ಹಬ್ಬ ಆದ ಮೇಲೆ."

"ಆಮೇಲೆ ಎಷ್ಟೋ ದಿನಕ್ಕೆ."

ಕಾಂತಮ್ಮ ಸೆರಗಲ್ಲಿ ಮುಖ ಒರೆಸ್ಕೊಂಡಳು. "ಉಣ್ಲಿ ಬುಡು," ಅಂದಳು. "ಯಾವ ಕೈಲಾದ್ರೂ ಉಣ್ಲಿ."

ಎದ್ದು ಹೋಗಲಿಲ್ಲ. ಪಿಕ್ಚರು ಮುಗಿಯೋಗಂಟ ಕುಂತಳು. ಅವ್ವ, ದೊಡ್ಡಿ ಇಬ್ಬರೂ ಹಿಂದಿನಿಂದ ಬಂದು ಅವಳ ಪಕ್ಕ ಕುಂತ್ರು. ಯಾರೂ ಏಳಿ ಅನ್ನಲಿಲ್ಲ.

ಇಷ್ಟೇ. ಗಂಗಣ್ಣನ ಮಗ, ಇದನ್ನ ಮುಂದಕ್ಕೆ ಕಳಿಸು. ಈ ಗಂಡಸರ ಗ್ರೂಪಲ್ಲಿ ಬರೀ ಕ್ರಿಕೆಟ್ಟು, ಹೆಂಗಸರ ಗ್ರೂಪಲ್ಲಿ ಬರೀ ಸೀರೆ, ಸಾರಿನ ಪುಡಿ ಅಂತೆ. ಎರಡಕ್ಕೂ ಹಾಕಪ್ಪ.