ತೊಗರಿ ಹೂವಿನ ಬಣ್ಣದ ಗಿಟಾರು

ಪಂಚಶೀಲಾ ಎಡಗೈಯವಳು. ಜೇವರ್ಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವಾಗ ಬೋರ್ಡಿನ ಮೇಲೆ ಎಡಗೈಯಿಂದಲೇ ಬರೆಯುತ್ತಿದ್ದಳು. ಶನಿವಾರ ತನ್ನೂರು ಕಿಣ್ಣಿ ಸುಲ್ತಾನದ ಮನೆಗೆ ಬಂದರೆ ಎಲೆಕ್ಟ್ರಿಕ್ ಗಿಟಾರನ್ನೂ ಎಡಗೈಯಿಂದಲೇ ಮೀಟುತ್ತಿದ್ದಳು. ಆದರೆ ಅದು ಬಲಗೈಯವರ ಗಿಟಾರು. ತಲೆಕೆಳಗು ಮಾಡಿ ಹಿಡಿದರೆ ದನಿ ಏರಿಸಿ ಇಳಿಸುವ ಗುಂಡಿಗಳೆಲ್ಲ ಮೇಲೆ ಬರುತ್ತಿದ್ದವು. ಹಾಡು ರಂಗೇರಿತು ಎನ್ನುವಷ್ಟರಲ್ಲಿ ಮೊಣಕೈ ತಗುಲಿ ದನಿಯೇ ಬಂದ್. ಎಂಟು ವರ್ಷ ಹೀಗೇ ನಡೆದಿತ್ತು.

ನವೆಂಬರಿನಲ್ಲಿ ಸುದ್ದಿಯೊಂದು ಕಿವಿಗೆ ಬಿತ್ತು. ಪುಣೆಯಲ್ಲಿ ಕೆಲಸ ಕಲಿತ ಜುಬೇರ ಎಂಬವನು ಆಳಂದದಲ್ಲಿ, ಅಪ್ಪನ ಮಂಚ-ಕಪಾಟಿನ ಅಂಗಡಿಯ ಹಿಂದೆ, ಹೇಳಿದ ಹಾಗೆ ಗಿಟಾರು ಮಾಡಿಕೊಡುತ್ತಾನಂತೆ. ಅವಳು ನಿಂತ ನಿಲುವಿನಲ್ಲೇ ಫೋನು ಹಚ್ಚಿದಳು.

"ಎಡಗೈದು ಮಾಡ್ತೀರೇನ್ರಿ?"

"ಬಿಲ್ಕುಲ್ ಮಾಡ್ತೇನ್ರಿ ಮೇಡಂ. ಬಣ್ಣ ಯಾವ್ದು ಬೇಕು, ಅದನ್ನ ಹೇಳ್ರಿ."

ಬಣ್ಣ! ಆ ವಾರವೆಲ್ಲ ಅವಳಿಗೆ ನೆಲದ ಮೇಲೆ ಕಾಲಿರಲಿಲ್ಲ. ಸೋಮವಾರ ನೀಲಿ, ಬುಧವಾರ ಗಿಣಿಹಸಿರು. ಶುಕ್ರವಾರ ತಡೆಯಲಾರದೆ ಒಂಬತ್ತನೇ ತರಗತಿಯಲ್ಲಿ ಕೈ ಎತ್ತಿಸಿದಳು. ಮಕ್ಕಳು ಒಕ್ಕೊರಲಿನಿಂದ ಕರಿ ಬಣ್ಣ, ಮೇಲೆ ಬೆಂಕಿಯ ಚಿತ್ರ ಎಂದರು. ಶನಿವಾರ ಊರಿನ ದಾರಿಯಲ್ಲಿ ತೊಗರಿ ಹೊಲ ಹೂಬಿಟ್ಟು ನಿಂತಿತ್ತು. ಪಂಚಶೀಲಾ ಅಲ್ಲಿಯೇ ನಿಂತಳು. ಒಂದು ಟೊಂಗೆ ಮುರಿದುಕೊಂಡು ಮನೆಗೆ ಓಡಿದಳು.

"ಯವ್ವಾ, ಇದು! ಇದೇ ಬಣ್ಣ!"

ಅವ್ವ ಮಲ್ಕಮ್ಮ ಅರ್ಧ ಆಯುಷ್ಯ ತೊಗರಿಯ ಕಳೆ ತೆಗೆದವಳು. ಹೂವನ್ನು ಮಗುಚಿ ತೋರಿಸಿದಳು. "ಮುಂದ ಹಳದಿ ಅಷ್ಟೇ ನೋಡಿದಿ. ಹಿಂದ ಕೆಂಪು ಗೀರು ಅದಾವ, ನೋಡಬೇ."

ಜುಬೇರನಿಗೆ ಫೋಟೋ ಹೋಯಿತು. ಅವನು ಕಳಿಸಿದ ಬಣ್ಣದ ನಮೂನೆ ಮಾತ್ರ ಥೇಟು ಸ್ಕೂಲ್ ಬಸ್ಸು. ಮರುದಿನವೇ ಟೊಂಗೆಗೆ ಒದ್ದೆ ಬಟ್ಟೆ ಸುತ್ತಿಕೊಂಡು ತಾಯಿ ಮಗಳು ಆಳಂದಕ್ಕೆ ಹೊರಟರು.

ಜುಬೇರ ಪಂಚಶೀಲಾಳ ಅಂಗೈ ಅಳೆದ. ಗಿಟಾರಿನ ಹಿಡಿ ಸಪೂರವಾಗಿರಲಿ, ಗುಂಡಿಗಳು ಮೊಣಕೈಗೆ ಸಿಗದಷ್ಟು ಕೆಳಗಿರಲಿ, ಬೆರಳಿಡುವ ಪಟ್ಟಿಯ ಮೇಲಿನ ಗುರುತು ತೊಗರಿ ಬೇಳೆಯಾಕಾರದಲ್ಲಿರಲಿ ಎಂದು ಅವಳು ಒಂದೇ ಉಸಿರಿನಲ್ಲಿ ಹೇಳುತ್ತ ಹೋದಳು. ಬಣ್ಣದ ಖಾತೆ ಮಾತ್ರ ಮಲ್ಕಮ್ಮನ ಕೈಗೆ ಬಂತು. ಸ್ಟೂಲು ಎಳೆದುಕೊಂಡು ಕೂತೇಬಿಟ್ಟಳು.

"ಇದು ಲಿಂಬಿಹಣ್ಣಾತು."

ಜುಬೇರ ಮತ್ತೆ ಕಲಸಿದ.

"ಇದು ಕಾಮಾಲಿ ಆದವ್ರ ಕಣ್ಣು."

ಆರನೆಯ ಸಲ ಅವಳು ಒಪ್ಪಿ ತಲೆ ಆಡಿಸಿದಳು. ಹಿಂಬದಿಗೆ ಕೆಂಪು ಗೀರು ಎಂದಾಗ ಜುಬೇರ ನಕ್ಕ. "ಹಿಂದ ಯಾರ್ ನೋಡ್ತಾರ್ರಿ ಅಮ್ಮಾ? ಹೊಟ್ಟಿಗಿ ಆನಿಕೊಂಡಿರ್ತದ."

"ಹೂವಿನ ಹಿಂದ ಯಾರ್ ನೋಡ್ತಾರ? ಆದ್ರೂ ಅದಾವಲ್ಲ!"

ಅವನು ಸಣ್ಣ ಕುಂಚ ಹುಡುಕತೊಡಗಿದ.

ಮಾರ್ಚಿನಲ್ಲಿ ಗಿಟಾರು ಸಿದ್ಧವಾಯಿತು. ಪೆಟ್ಟಿಗೆ ತೆರೆದ ಪಂಚಶೀಲಾ ಅಂಗಡಿಯೊಳಗೇ ಒಂದು ಸುತ್ತು ಕುಣಿದಳು. ವೈರು ಚುಚ್ಚಿ ಮೀಟಿದರೆ ಮೊಣಕೈ ಎಲ್ಲಿಯೂ ತಗುಲಲಿಲ್ಲ. ನಡುಹಾಡಿನಲ್ಲಿ ದನಿ ಆರಲಿಲ್ಲ. ಮಂಚ ಕೊಳ್ಳಲು ಬಂದವರು ಚೌಕಾಸಿ ಬಿಟ್ಟು ಹಿಂದಿನ ಬಾಗಿಲಿಗೆ ಬಂದು ನಿಂತರು.

ಮರಳುವ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟು ಪುಕ್ಕಟೆ. ಕಂಡಕ್ಟರ್ ಸಿದ್ದರಾಮೇಶನ ಕಣ್ಣು ಉದ್ದನೆಯ ಪೆಟ್ಟಿಗೆಯ ಮೇಲೆ ಬಿತ್ತು.

"ಇದಕ್ಕ ಟಿಕೆಟ್ ತಗೋರಿ."

"ಯಾಕ್ರಿ? ಇದೂ ಹೆಣ್ಣೇ ಅದ," ಎಂದಳು ಮಲ್ಕಮ್ಮ.

ಇಡೀ ಬಸ್ಸು ನಕ್ಕಿತು. ಸಿದ್ದರಾಮೇಶ ಗಂಭೀರನಾಗಿರಲು ನೋಡಿದ, ಆಗಲಿಲ್ಲ. "ಹಂಗಾದ್ರ ಮುಖ ತೋರಸ್ರಿ."

ಪಂಚಶೀಲಾ ಮುಚ್ಚಳ ಎತ್ತಿದಳು. ಹಿಂದಿನ ಸೀಟಿನವರೂ ಎದ್ದು ಬಂದರು. "ಬಾರ್ಸಬೇ ತಂಗಿ," ಎಂದು ಯಾರೋ ಕೂಗಿದರು. ವೈರು ಚುಚ್ಚದ ಗಿಟಾರಿನ ದನಿ ಎಂಜಿನ್ನಿನ ಗದ್ದಲದಲ್ಲಿ ಎಷ್ಟು ಕೇಳಿಸೀತು? ಆದರೂ ಅವಳು ಬಾರಿಸಿದಳು. ಪಕ್ಕದವರು ಕಿವಿ ತಂದು ಮರಕ್ಕೆ ಹಚ್ಚಿದರು. ಕೇಳಿದವರು ಕೇಳದವರಿಗೆ ಹಾಡಿ ತೋರಿಸಿದರು. ಕಿಣ್ಣಿ ಸುಲ್ತಾನದ ಸ್ಟಾಪು ಬಂದದ್ದು ಯಾರಿಗೂ ಗೊತ್ತಾಗಲೇ ಇಲ್ಲ. ಒಂದು ಫರ್ಲಾಂಗು ಮುಂದೆ ಹೋಗಿ ಬಸ್ಸು ನಿಂತಿತು.