ಶರ್ಲಿಯ ಪಿಕಪ್ಪಿಗೆ ಮೂರನೆಯ ಪೆಡಲು

ತನ್ನ ಬಾಯಿಗೆ ಸ್ವಂತದ್ದೂ ಒಂದು ಸ್ವರವಿದೆ ಎಂಬುದನ್ನು ಕ್ಲೇಟನ್ ಮರೆತು ವರ್ಷಗಳಾಗಿದ್ದವು. ಕೊಲ್ಲಿ ದೇಶದ ಅವನ ಫ್ಲ್ಯಾಟಿನಲ್ಲಿ ಫೋನ್ ಎತ್ತಿದರೆ ಒಮ್ಮೆ ಆಫೀಸಿನ ಈಜಿಪ್ತಿನ ಮ್ಯಾನೇಜರ್, ಒಮ್ಮೆ ಅತ್ತೆ ಇಸಾಬೆಲ್ ಬಾಯಿ, ಇನ್ನೊಮ್ಮೆ ವಿಮಾನದಲ್ಲಿ ಬೆಲ್ಟು ಕಟ್ಟಿಕೊಳ್ಳಿ ಎನ್ನುವ ಹೆಂಗಸು, ಎಲ್ಲವೂ ಅವನದೇ ಮಿಮಿಕ್ರಿ. ಹೋದ ವರ್ಷ ಬಾಗಿಲಾಚೆ ನಿಂತು ಕಟ್ಟಡದ ಕಾವಲುಗಾರನ ದನಿಯಲ್ಲಿ, "ಮದಾಮ್, ಗಾಡಿ ಕ್ರೇನ್ ಎತ್ತಿಕೊಂಡು ಹೋಗ್ತಾ ಇದೆ!" ಎಂದು ಕೂಗಿದ್ದ. ಹೆಂಡತಿ ಶರ್ಲಿ ಕೈಗೆ ಮೆತ್ತಿದ ಹಿಟ್ಟಿನೊಂದಿಗೇ ಮೆಟ್ಟಿಲಿಳಿದು ಓಡಿದ್ದಳು. ಗಾಡಿ ಗಾಡಿಯ ಜಾಗದಲ್ಲೇ ಬಿಸಿಲು ಕಾಯಿಸುತ್ತಿತ್ತು. ಅಂದಿನಿಂದ ಅವಳದ್ದು ಒಂದೇ ಮಾತು: "ಬೆಂಕಿ ಬಿತ್ತು ಅಂತ ನೀನು ಕೂಗಿದ್ರೆ ನಾನು ಮೊದಲು ಹೊಗೆ ನೋಡ್ತೇನೆ, ಆಯ್ತಾ?"

ಗಾಡಿ ಅವಳದು. ಅದರಲ್ಲಿ ಎರಡು ಮಾತಿಲ್ಲ. ಡ್ರೈವಿಂಗ್ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಫೇಲಾಗಿ, ಕೊನೆಗೊಮ್ಮೆ ಪಾಸಾದ ವಾರವೇ ಶರ್ಲಿ ಕೊಂಡ ಹಳೇ ಪಿಕಪ್ಪು. ಹಿಂದೆ ಸಾಮಾನು ತುಂಬುವ ತೊಟ್ಟಿ, ಮುಂದೆ ಸೋಫಾದಂಥ ಒಂದೇ ಉದ್ದ ಸೀಟು, ಸ್ಟಿಯರಿಂಗಿನ ಪಕ್ಕದಲ್ಲೇ ಆಟೋಮ್ಯಾಟಿಕ್‌ನ ಸಣ್ಣ ಕಡ್ಡಿ. ಆ ಕಡ್ಡಿಯನ್ನು 'ಪಿ'ಗೆ ತಳ್ಳಿದರೆ ನಿಂತಿತು, 'ಡಿ'ಗೆ ಎಳೆದರೆ ಹೊರಟಿತು. ಗೇರು ಎಂದರೆ ಶರ್ಲಿಗೆ ಕೇಕಿಗೆ ಹಾಕುವ ಬೀಜ, ಅಷ್ಟೆ. ಆಸ್ಪತ್ರೆಯ ಡ್ಯೂಟಿ ಮುಗಿಸಿ, ಮನೆಯಲ್ಲಿ ಕೇಕು ಮಾಡಿ, ಯಾರನ್ನೂ ಕಾಯದೆ ತಾನೇ ಹೋಗಿ ಕೊಟ್ಟು ಬರುವುದಕ್ಕೆ ಆ ಗಾಡಿ ಅವಳಿಗೆ ರೆಕ್ಕೆಯಾಗಿತ್ತು.

ತಮ್ಮ ಆಸ್ಟಿನ್‌ನ ಮದುವೆಗೆಂದು ಊರಿಗೆ, ಶಿರ್ವಕ್ಕೆ ಹೊರಟಾಗ ವಿಮಾನ ನಿಲ್ದಾಣದಲ್ಲಿ ಅವಳು ಹೇಳಿದ್ದು, "ಅನ್ನ ಮಾಡಿಕೊ, ಗಿಡಕ್ಕೆ ನೀರು ಹಾಕು, ನನ್ನ ಗಾಡಿ ಮುಟ್ಟಬೇಡ."

ಗಿಡ ಒಣಗಿತು. ಕ್ಲೇಟನ್ ಹತ್ತಿ ಹೊರಟ ಗಾಡಿಯೂ ಊರಾಚೆ ಶುಐಬಾದ ರಸ್ತೆಯಲ್ಲಿ ಕೆಟ್ಟು ನಿಂತಿತು.

ಇಂಜಿನ್ ಗಟ್ಟಿಯಾಗಿತ್ತು, ಸತ್ತದ್ದು ಗೇರ್‌ಬಾಕ್ಸು. ಆಕ್ಸಿಲರೇಟರ್ ಒತ್ತಿದರೆ ಗುಂಯ್ ಎನ್ನುತ್ತಿತ್ತು, ಚಕ್ರ ಮಾತ್ರ ತನಗೂ ಅದಕ್ಕೂ ಸಂಬಂಧವಿಲ್ಲವೆಂಬಂತೆ ಸುಮ್ಮನಿತ್ತು. ಶುಐಬಾದ ಕಾರ್ಖಾನೆಯೊಂದರಲ್ಲಿ ಟೆಕ್ನಿಶಿಯನ್ ಆಗಿದ್ದ ಗೆಳೆಯ ಬಸಲಿಂಗಯ್ಯ ಹಗ್ಗ ಕಟ್ಟಿ ಎಳೆದು ತಂದ. ಶುವೈಖ್‌ನ ಗುಜರಿ ಅಂಗಡಿಗಳನ್ನೆಲ್ಲ ಇಬ್ಬರೂ ಸುತ್ತಿದರು. ಆ ಮಾಡೆಲಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಎಲ್ಲೂ ಇರಲಿಲ್ಲ. ಸಿಕ್ಕಿದ್ದು, ಅದೇ ಜಾತಿಯ ಇನ್ನೊಂದು ಪಿಕಪ್ಪಿನ ಹೊಟ್ಟೆಯಿಂದ ಇಳಿಸಿಟ್ಟ ಕೈಗೇರಿನದು, ಕ್ಲಚ್ಚು ಪೆಡಲು ಸಮೇತ.

"ಮ್ಯಾನ್ಯುಯಲ್ ಹಾಕಿಬಿಡೋಣೇನ್ರೀ?" ಎಂದ ಬಸಲಿಂಗಯ್ಯ, ಅದರ ಬೆನ್ನು ತಟ್ಟುತ್ತ.

"ಮ್ಯಾನುವೆಲ್ ನನ್ನ ಮಾವ. ಅವರನ್ನು ಗಾಡಿ ಕೆಳಗೆ ಹಾಕಿದ್ರೆ ಶರ್ಲಿ ಬಿಡ್ತಾಳಾ?"

"ಚ್ಯಾಷ್ಟಿ ಬಿಡ್ರೀ. ಅವರಿಗೆ ಕ್ಲಚ್ ಗಿಚ್ ಬರ್ತದೇನು?"

"ಸರ್ಪ್ರೈಸ್ ಮಾರಾಯ! ಬಂದ ಮೇಲೆ ಹೇಳುವ, ನೋಡುವ ಶಾಕ್!"

ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. ಬಸಲಿಂಗಯ್ಯ ಗುಜರಿಯವನ ಜೊತೆ ಚೌಕಾಸಿಗೆ ಇಳಿದ. ಕ್ಲೇಟನ್ ಆ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಳ್ಳಲೂ ಇಲ್ಲ.

ಊರ ಕಡೆಯ ಗೆಳೆಯ ಬಾವಾಕುಂಞಿಯ ಗ್ಯಾರೇಜಿನಲ್ಲಿ ರಜೆಯ ದಿನಗಳೆಲ್ಲ ಅದಕ್ಕೇ ಹೋದವು. ಹಳೆಯದನ್ನು ಇಳಿಸಿ, ಹೊಸದನ್ನು ಏರಿಸಿ, ನೆಲಹಾಸು ಕೊರೆದು ಗೇರಿನ ಕೋಲು ನಿಲ್ಲಿಸಿ, ಬ್ರೇಕಿನ ಎಡಕ್ಕೆ ಮೂರನೆಯ ಪೆಡಲು ಕೂಡಿಸಿದರು. ಕೊನೆಗೆ ಕೀ ತಿರುಗಿಸಿದರೆ ಉಸಿರಿಲ್ಲ. ಕಡ್ಡಿ 'ಪಿ'ಯಲ್ಲೋ 'ಎನ್'ನಲ್ಲೋ ಇದ್ದರೆ ಮಾತ್ರ ಸ್ಟಾರ್ಟ್ ಆಗಲಿ ಎಂದು ಹಳೇ ಗೇರ್‌ಬಾಕ್ಸಿನ ಪಕ್ಕೆಯಲ್ಲಿ ಒಂದು ಸ್ವಿಚ್ ಇತ್ತು. ಗೇರ್‌ಬಾಕ್ಸಿನ ಜೊತೆ ಅದೂ ಹೋಗಿತ್ತು. ಬಸಲಿಂಗಯ್ಯ ಅದರ ಎರಡು ವೈರುಗಳನ್ನು ಹೊಸೆದು ಟೇಪು ಸುತ್ತಿದ. ಗಾಡಿ ಗುಡುಗಿತು.

"ನೆನಪಿಡ್ರೀ," ಎಂದ ಅವನು, ಕೈಯೊರೆಸಿಕೊಳ್ಳುತ್ತ. "ಈಗ ಯಾವ ಗೇರಿನ್ಯಾಗಿದ್ರೂ ಸ್ಟಾರ್ಟ್ ಆಗ್ತದ. ಬರೋ ಶುಕ್ರವಾರ ಕ್ಲಚ್ಚಿಗೆ ಬ್ಯಾರೆ ಸ್ವಿಚ್ ಹಚ್ತೀನಿ. ಅಲ್ಲೀತನಕ ಕ್ಲಚ್ ತುಳಿದೇ ಕೀ ತಿರುಗಸ್ರಿ. ಹ್ಯಾಂಡ್‌ಬ್ರೇಕ್ ಹಿಡಿಯೂದಿಲ್ಲ, ನಿಲ್ಲಸೂ ಮುಂದ ಫಸ್ಟ್ ಗೇರಿನ್ಯಾಗ ಬಿಡ್ರಿ."

ಸ್ಟಿಯರಿಂಗಿನ ಹಳೇ ಕಡ್ಡಿಯನ್ನು ಕಿತ್ತರೆ ತೂತು ಕಾಣುತ್ತದೆಂದು ಹಾಗೇ ಬಿಟ್ಟಿದ್ದರು. ಅದು ಯಾವುದಕ್ಕೂ ಅಂಟಿರಲಿಲ್ಲ. ತಳ್ಳಿದರೆ 'ಪಿ', ಎಳೆದರೆ 'ಡಿ', ಒಳಗೆ ಬರೀ ಗಾಳಿ.

ಶರ್ಲಿ ಬಂದಿಳಿದದ್ದು ಬುಧವಾರ. ಗುರುವಾರ ಸಂಜೆಗೆ ಬಾವಾಕುಂಞಿಯ ಮಗಳು ನಶ್ರಾಳ ನಿಶ್ಚಿತಾರ್ಥ, ಬ್ನೇದ್ ಅಲ್ ಗಾರ್‌ನ ಅವರ ಫ್ಲ್ಯಾಟಿನಲ್ಲಿ. ಅಂಗಡಿಯ ಕೇಕು ಬೇಡ, ಶರ್ಲಿ ಆಂಟಿಯದ್ದೇ ಬೇಕು ಎಂದು ಹುಡುಗಿ ಹಟ ಹಿಡಿದಿದ್ದಳು. ಇಷ್ಟು ಜನ ಸೇರುವ ಮನೆಗೆ ಶರ್ಲಿ ಕೇಕು ಕೊಡುತ್ತಿದ್ದದ್ದು ಇದೇ ಮೊದಲು. ಬಂದ ದಣಿವಿನಲ್ಲೇ ಮೂರು ಅಂತಸ್ತು ಎಬ್ಬಿಸಿದಳು. ಸಕ್ಕರೆಯ ಗುಲಾಬಿಗಳನ್ನು ಇಕ್ಕಳದಲ್ಲಿ ಹಿಡಿದು ಕೂರಿಸುವಾಗ ಉಸಿರು ಕೂಡ ಮೂಗಿನೊಳಗೇ ಬಿಟ್ಟಳು. "ಇದು ಸಮ ಮುಟ್ಟಿದ್ರೆ ಸಾಕು ದೇವರೇ" ಎನ್ನುವುದು ಬಿಟ್ಟರೆ ಆ ದಿನ ಅವಳ ಬಾಯಲ್ಲಿ ಬೇರೆ ಪ್ರಾರ್ಥನೆಯಿರಲಿಲ್ಲ.

"ಇವತ್ತು ನೀನು ಮಹಾರಾಣಿ, ಬದಿಯಲ್ಲಿ ಕೂತ್ಕೋ. ನಾನು ಓಡಿಸ್ತೇನೆ," ಎಂದ ಕ್ಲೇಟನ್. ಗಾಡಿಯ ಕೀ ತನ್ನ ಜೇಬಿನಲ್ಲೇ ಇದೆಯಲ್ಲ ಎಂಬ ಧೈರ್ಯ. ಗೇರಿನ ಕೋಲಿನ ಮೇಲೆ ಶರ್ಲಿಯದೇ ಹಳೇ ಟವೆಲು ಹೊದಿಸಿದ್ದ. ಇಲ್ಲಿ ಬೇಸಿಗೆಯಲ್ಲಿ ಸ್ಟಿಯರಿಂಗು, ಸೀಟು ಎಲ್ಲಕ್ಕೂ ಟವೆಲು ಹೊದಿಸುವುದು ರೂಢಿ, ಯಾರಿಗೂ ಅನುಮಾನ ಬಾರದು.

ಅವನು ಮರೆತದ್ದು ಇನ್ನೊಂದು ರೂಢಿಯನ್ನು. ಈ ಊರಲ್ಲಿ ಜೂನ್ ತಿಂಗಳಲ್ಲಿ ಗಾಡಿಯೊಳಗೆ ಯಾರೂ ನೇರ ಹೋಗಿ ಕೂರುವುದಿಲ್ಲ. ಬಾಗಿಲು ತೆರೆದು, ಹೊರಗೇ ನಿಂತು, ಕೈಯೊಂದನ್ನೇ ಒಳಗೆ ಚಾಚಿ ಕೀ ತಿರುಗಿಸಿ ಎಸಿ ಹಾಕಿ, ನೆರಳಿಗೆ ಸರಿದು ಕಾಯುತ್ತಾರೆ. ಸೀಟು ಕಾದ ಕಾವಲಿ. ಮನುಷ್ಯರಿಗೇ ಹೀಗೆ, ಬೆಣ್ಣೆಯ ಕೇಕನ್ನು ಕೇಳುವುದೇ ಬೇಡ.

ಪೆಟ್ಟಿಗೆ ಹೊತ್ತು ಮೊದಲು ಕೆಳಗಿಳಿದವನು ಕ್ಲೇಟನ್. ಗಾಡಿ ಗೋಡೆಗೆ ಮುಖ ಮಾಡಿ ನಿಂತಿತ್ತು. ಎದುರಿಗೆ ಕಸದ ದೊಡ್ಡ ಕಬ್ಬಿಣದ ಡಬ್ಬ, ಡಬ್ಬಕ್ಕೂ ಗಾಡಿಯ ಮೂತಿಗೂ ನಡುವೆ ಗೋಡೆಯ ಅಂಗೈಯಗಲ ನೆರಳು. ಕೇಕಿಗೆ ಬಿಸಿಲು ಬೇಡವೆಂದು ಅವನು ಆ ನೆರಳಿಗೇ ಹೋಗಿ ನಿಂತ.

"ನೀನು ಹಿಡ್ಕೊ, ನಾನು ಎಸಿ ಹಾಕ್ತೇನೆ," ಎಂದು ಶರ್ಲಿ ಬೀಸುಗಾಲಲ್ಲಿ ಬಂದಳು. ಅವಳ ಬೆರಳಲ್ಲಿ ಶಿಲುಬೆ ತೂಗುವ ಅವಳದೇ ಕೀ ಗೊಂಚಲು.

ಕ್ಲೇಟನ್‌ನ ಎರಡೂ ಕೈಯಲ್ಲಿ ಪೆಟ್ಟಿಗೆ. ಗಾಡಿ ಫಸ್ಟ್ ಗೇರಿನಲ್ಲಿ.

"ಶರ್ಲೀ! ಬೇಡ! ಕೀ ತಿರುಗಿಸಬೇಡ!"

ಹೆದರಿದ ಗಂಟಲು ಅಷ್ಟೆತ್ತರಕ್ಕೆ ಹೋಗಿ ಒಡೆಯಿತು. ಥೇಟ್ ಇಸಾಬೆಲ್ ಬಾಯಿಯ ಕೀರಲು ದನಿ.

"ಮಮ್ಮಿಯ ಸ್ವರ ತೆಗೀಬೇಡ, ನಂಗೆ ಪುರುಸೊತ್ತಿಲ್ಲ," ಎಂದಳು ಶರ್ಲಿ, ನಗುತ್ತ.

"ಮಿಮಿಕ್ರಿ ಅಲ್ಲ! ಗೇರಲ್ಲಿ ಉಂಟು! ಸತ್ಯವಾಗ್ಲೂ!"

ಅವಳು ಬಾಗಿಲು ತೆರೆದು ಬಗ್ಗಿದಳು. ಸ್ಟಿಯರಿಂಗಿನ ಕಡ್ಡಿಯತ್ತ ಒಮ್ಮೆ ನೋಡಿಯೂ ನೋಡಿದಳು, ಪಾಪ, ಜಾಗ್ರತೆಯ ಹೆಂಗಸು. ಕಡ್ಡಿ 'ಪಿ'ಯಲ್ಲೇ ನಿಂತಿತ್ತು. ಮಾತಿಗಿಂತ ಕಡ್ಡಿಯನ್ನೇ ನಂಬಿ ಕೀ ತಿರುಗಿಸಿದಳು.

ಗಾಡಿ ಕೆಮ್ಮಲಿಲ್ಲ, ನೆಗೆಯಿತು. ಬಾಗಿಲ ಚೌಕಟ್ಟು ಭುಜಕ್ಕೆ ಬಡಿದು ಶರ್ಲಿ ಮರಳಿಗೆ ಉರುಳಿದಳು. ಇಂಜಿನ್ ಹತ್ತಿಕೊಂಡಿತು. ಚಾಲಕನಿಲ್ಲದ ಸೀಟು, ತೆರೆದ ಬಾಗಿಲು, ತನ್ನತ್ತಲೇ ಬರುವ ಎರಡು ಹೆಡ್‌ಲೈಟು. ಕ್ಲೇಟನ್‌ಗೆ ಕಂಡದ್ದು ಇಷ್ಟೇ. ಪೆಟ್ಟಿಗೆ ಎಸೆದು ಹಾರಬೇಕೆಂದು ಮೈ ಹೇಳಿತು, ಕೈ ಕೇಳಲಿಲ್ಲ. ಪೆಟ್ಟಿಗೆಯನ್ನು ತಲೆಯ ಮೇಲೆತ್ತಿಕೊಂಡೇ ಪಕ್ಕಕ್ಕೆ ಬಿದ್ದ. ಎಡಪಾದ ಮಡಚಿಕೊಂಡಿತು. ಬಂಪರು ಅವನ ಚಪ್ಪಲಿಯೊಂದನ್ನು ಕೊಂಡೊಯ್ದು ಕಸದ ಡಬ್ಬಕ್ಕೆ ಹೊಡೆಯಿತು. ಡಬ್ಬ ಗೋಡೆಗೆ ಹೊಡೆಯಿತು. ಢಮ್ಮೆಂದು ಇಡೀ ಬೀದಿ ಕಿಟಕಿ ತೆರೆಯಿತು. ಗಾಡಿ ಎರಡು ಸಲ ನಡುಗಿ ಆರಿತು.

ಶಾಕ್ ಅಬ್ಸಾರ್ಬರ್ ಇದ್ದದ್ದು ಗಾಡಿಗೆ ಮಾತ್ರ. ಮರಳಲ್ಲಿ ಕೂತ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಉಳಿದರು. ಒಂದು ಬೆಕ್ಕು ಡಬ್ಬದಿಂದ ಹೊರಬಂದು, ಅವರನ್ನು ದಾಟಿ ಹೋಯಿತು.

"ಜೆಜು ಮರಿ ಜುಜೆ!" ಶರ್ಲಿಯ ಬಾಯಿಗೆ ಮೊದಲು ಬಂದದ್ದು ಊರಿನ ಕೊಂಕಣಿಯಲ್ಲಿ ದೇವರ ಹೆಸರು. ತೆವಳಿ ಬಂದು ಗಂಡನ ಮುಖ, ಎದೆ, ಕಾಲು ಮುಟ್ಟಿ ನೋಡಿದಳು. ಎಲ್ಲ ಇತ್ತು. ಆಮೇಲೆ ಎದ್ದು ಗಾಡಿಯೊಳಗೆ ಇಣುಕಿದಳು. ನೆಗೆತಕ್ಕೆ ಟವೆಲು ಜಾರಿತ್ತು. ಅವಳು ಬಹಳ ಹೊತ್ತು ಬಗ್ಗಿಯೇ ಇದ್ದಳು.

"ಇದೆಂತ ಕೋಲು?"

"ಗೇರು."

"ಕೆಳಗೆ ಮೂರು ಉಂಟಲ್ಲ, ಎಂತ?"

"ಕ್ಲಚ್ಚು... ಸರ್ಪ್ರೈಸ್ ಅಂತ..."

ಅವಳು ಬೈಯಲಿಲ್ಲ. ಬೈದಿದ್ದರೆ ಕ್ಲೇಟನ್ ಅದಕ್ಕೂ ಒಂದು ದನಿ ಹುಡುಕುತ್ತಿದ್ದ. "ನಾಲ್ಕನೇ ಸಲಕ್ಕೆ ಪಾಸಾದದ್ದು ನಾನು," ಎಂದಳು ಮೆಲ್ಲಗೆ. "ನನಗೆ ಇದು ಬರ್ತದಾ ಅಂತ ಒಂದು ಮಾತು ಕೇಳ್ಲಿಲ್ವಾ ನೀನು? ನನ್ನ ಗಾಡಿಯೊಳಗೆ ಬೇರೆ ಗಾಡಿ ಇಟ್ಟಿದ್ದಿ. ಮೇಲೆ ಆ ಸುಳ್ಳು ಪಿ ಬೇರೆ."

ಕ್ಲೇಟನ್‌ನ ಕಣ್ಣು ಆಗ ತಾನು ನಿಂತಿದ್ದ ನೆರಳಿನತ್ತ ಹೋಯಿತು. ತಾನು ಪೆಟ್ಟಿಗೆ ಹಿಡಿಯದೆ ಅವಳೇ ಹಿಡಿದು ಆ ನೆರಳಲ್ಲಿ ನಿಂತಿದ್ದರೆ, ಹೊರಗೆ ನಿಂತು ಕೀ ತಿರುಗಿಸುವವನು ತಾನಾಗಿದ್ದರೆ ಎಂಬುದು ಆಗಷ್ಟೇ ತಲೆಗೆ ಇಳಿಯಿತು. ಅಭ್ಯಾಸ ತನ್ನದೂ ಅದೇ ಅಲ್ಲವೇ.

ಪೆಟ್ಟಿಗೆ ತೆರೆದರು. ಮೇಲಿನ ಅಂತಸ್ತು ಒಂದು ಬದಿಗೆ ತಲೆವಾಲಿಸಿತ್ತು, ಬಿದ್ದಿರಲಿಲ್ಲ. ಅವನ ಎಡಗಾಲು ಮಾತ್ರ ನೆಲ ಮುಟ್ಟುತ್ತಿರಲಿಲ್ಲ, ಕ್ಲಚ್ಚು ತುಳಿಯುವ ಕಾಲೇ. ಅಷ್ಟೆತ್ತರದ ಪೆಟ್ಟಿಗೆ ಟ್ಯಾಕ್ಸಿಗೆ ಹಿಡಿಸದು. ಬಸಲಿಂಗಯ್ಯ ಶುಐಬಾದಲ್ಲಿ ಶಿಫ್ಟಿನ ಮೇಲಿದ್ದ. ಬೆಣ್ಣೆ ಯಾರಿಗೂ ಕಾಯುವುದಿಲ್ಲ.

ಶರ್ಲಿ ಮರಳು ಕೊಡವಿಕೊಂಡಳು. ಡ್ರೈವರಿನ ಸೀಟಿಗೆ ಟವೆಲು ಹಾಸಿ ಹತ್ತಿದಳು. "ಹೇಳು. ಮೊದಲು ಯಾವುದು?"

"ಎಡಗಾಲು ಪೂರ್ತಿ ಒತ್ತು. ಈಗ ಕೀ. ಕೋಲನ್ನು ಎಡಕ್ಕೆ, ಕೆಳಗೆ, ರಿವರ್ಸ್. ಕಾಲು ಮೆಲ್ಲ ಬಿಡು... ಮೆಲ್ಲ..."

ಗಾಡಿ ಗಕ್ಕೆಂದು ಆರಿತು. ಪಕ್ಕದಲ್ಲಿ ಕೂತಿದ್ದ ಕ್ಲೇಟನ್ ಪೆಟ್ಟಿಗೆಯನ್ನು ತೊಡೆಯಿಂದ ಮೇಲೆತ್ತಿದ. ಮತ್ತೆ ಆರಿತು, ಮತ್ತೆ ಎತ್ತಿದ. ಕಿಟಕಿಗಳಲ್ಲಿ ನಿಂತವರು ಸಲಹೆ ಕೊಡತೊಡಗಿದರು, ಒಂದೊಂದು ಕಿಟಕಿಯಿಂದ ಒಂದೊಂದು ಭಾಷೆಯಲ್ಲಿ. ಕೊನೆಗೊಮ್ಮೆ ಗಾಡಿ ಹಿಂದೆ ಸರಿಯಿತು. ಆಮೇಲೆ ಮುಂದೆ ಹೊರಟಿತು, ಫಸ್ಟ್ ಗೇರಿನಲ್ಲಿ, ನಾಲ್ಕೂ ದೀಪ ಮಿಟುಕಿಸುತ್ತ. ಹಿಂದಿನವರೆಲ್ಲ ಹಾರ್ನು ಒತ್ತಿ ಹರಸಿದರು.

"ಸೆಕೆಂಡ್ ಯಾವಾಗ?"

"ಇಂಜಿನ್ ಹೀಗೆ ಅಂದಾಗ," ಎಂದು ಕ್ಲೇಟನ್ ಮೂಗಿನಲ್ಲಿ ಗೂಂಯ್ಯ್ ಎಂದು ಏರಿಸಿದ. ಅವಳು ಗಾಬರಿಯಿಂದ ಕೋಲು ಎಳೆದಳು, ಗೇರು ಹಲ್ಲು ಕಡಿಯಿತು.

"ಇದು ಇಂಜಿನ್ನಾ, ನೀನಾ?"

"ನಾನು."

"ಬಾಯಿ ಮುಚ್ಚು. ನನಗೆ ಗಾಡಿಯ ಸ್ವರ ಕೇಳಬೇಕು."

ಅವನು ಮುಚ್ಚಿದ. ದಾರಿಯುದ್ದಕ್ಕೂ ಮುಚ್ಚಿಯೇ ಇದ್ದ. ಒಂದು ಉದ್ದ ಸಿಗ್ನಲ್ ದಾಟಿದ ಮೇಲೆ ಶರ್ಲಿ ತಾನೇ ಕಿವಿಗೊಟ್ಟು, ತಾನೇ ತುಳಿದು, ತಾನೇ ಎಳೆದಳು. ಗಾಡಿ ಬೆಣ್ಣೆಯಂತೆ ಸೆಕೆಂಡಿಗೆ ಇಳಿಯಿತು. ಕ್ಲೇಟನ್ ಕಣ್ಣರಳಿಸಿ ನೋಡಿದ. ಅವಳು ಅವನತ್ತ ನೋಡಲಿಲ್ಲ.

ಬ್ನೇದ್ ಅಲ್ ಗಾರ್‌ನಲ್ಲಿ ನಶ್ರಾ ಕೆಳಗೇ ಓಡಿ ಬಂದಳು. "ಆಂಟೀ, ಎಂತ ಆಯ್ತು? ತಲೆಯಲ್ಲೆಲ್ಲ ಮರಳು!"

"ಎಂತದೂ ಇಲ್ಲ. ಕೇಕು ಹಿಡ್ಕೊ, ವಾಲಿದ ಬದಿ ಗೋಡೆಗೆ ಇಡು, ಗುಲಾಬಿ ನಾನು ಸರಿ ಮಾಡ್ತೇನೆ." ಪೆಟ್ಟಿಗೆ ಅವಳ ಕೈಸೇರಿದ ಮೇಲೆ ಶರ್ಲಿ ಇಂಜಿನ್ ಆರಿಸಿದಳು. ಅಭ್ಯಾಸಬಲದಿಂದ ಅವಳ ಬಲಗೈ ಸ್ಟಿಯರಿಂಗಿನ ಕಡ್ಡಿಯನ್ನು 'ಪಿ'ಗೆ ತಳ್ಳಿತು. ಕೈ ಅಲ್ಲೇ ನಿಂತಿತು. ಗಾಡಿ ಇಳಿಜಾರಿನಲ್ಲಿ ಮೆಲ್ಲನೆ ಹಿಂದಕ್ಕೆ ಉರುಳತೊಡಗಿತ್ತು.

ಬ್ರೇಕು ತುಳಿದಳು. ಕೋಲನ್ನು ಫಸ್ಟಿಗೆ ಹಾಕಿದಳು. ಆಮೇಲೆ ಎರಡೂ ಕೈಯಲ್ಲಿ ಆ ಕಡ್ಡಿ ಹಿಡಿದು, ತಿರುಚಿ, ಲಟಕ್ಕೆಂದು ಮುರಿದು, ಕ್ಲೇಟನ್‌ನ ತೊಡೆಯ ಮೇಲೆ, ಕೇಕು ಇದ್ದ ಜಾಗದಲ್ಲಿ ಇಟ್ಟು, ಇಳಿದು ಹೋದಳು.

ಫೋನು ಬಡಿದುಕೊಂಡಿತು. ಬಸಲಿಂಗಯ್ಯ. "ಏನ್ರೀ, ಹೆಂಗಾತು ಸರ್ಪ್ರೈಸು? ಅಕ್ಕಾರು ಶಾಕ್ ಆದ್ರೇನು?"

"ಬಸಲಿಂಗಯ್ಯ," ಎಂದ ಕ್ಲೇಟನ್, ಯಾರ ದನಿಯನ್ನೂ ತೆಗೆಯದೆ. "ನಾಳೆ ತಪ್ಪದೆ ಆ ಸ್ವಿಚ್ ಹಾಕು. ಗಾಡಿ ನನ್ನ ಮೇಲೆ ಬಂತು."

ಆ ಕಡೆ ಫೋನು ಒಂದು ಕಿವಿಯಿಂದ ಇನ್ನೊಂದಕ್ಕೆ ಹೋದ ಸದ್ದು.

"ಹಲೋ, ಯಾರ್ರೀ ಮಾತಾಡೂದು? ಈ ಫೋನು ಕ್ಲೇಟನ್ ಅವರದಲ್ಲೇನು?"